ಸಮುದ್ರದ ದಾರಿಯೋ, ಒಳದಾರಿಯೋ? ಗ್ರೇಟ್ ಓಷನ್ ರೋಡಿನ ಮೊದಲ ದಿನ

ಶಿವಮೊಗ್ಗದವರಿಗೆ ಸಮುದ್ರ ಅಂದರೆ ಘಾಟಿ ಇಳಿದ ಮೇಲೆ ಸಿಗುವಂಥದ್ದು. ಆಗುಂಬೆಯ 14 ತಿರುವು ಇಳಿಯಬೇಕು, ಇಲ್ಲವೇ ಹುಲಿಕಲ್ ಇಳಿಯಬೇಕು. ಆಮೇಲೆ ಸೆಕೆ ಶುರು, ಆಮೇಲೆ ಮರವಂತೆ. ಘಾಟಿ ತಿರುವು, ಸಮುದ್ರ ಎರಡೂ ಒಂದೇ ಕಿಟಕಿಯಲ್ಲಿ ಕಾಣುವುದು ನಮಗೆ ಗೊತ್ತಿಲ್ಲ. ದಸರಾ ರಜೆಯಲ್ಲಿ ನಾವು ಎಂಟು ಜನ ಆಸ್ಟ್ರೇಲಿಯಾಕ್ಕೆ ಹೊರಟಿದ್ದು ಅದನ್ನು ನೋಡಲಿಕ್ಕೇ.

ಜಗಳ ಶುರುವಾಗಿದ್ದು ಮೆಲ್ಬರ್ನಿನಲ್ಲಿ, ಹೊರಡುವ ಹಿಂದಿನ ರಾತ್ರಿ. ಮೊದಲ ದಿನ ಪೋರ್ಟ್ ಕ್ಯಾಂಪ್‌ಬೆಲ್ ಅನ್ನುವ ಸಣ್ಣ ಊರು ಮುಟ್ಟಬೇಕಿತ್ತು. ಟ್ವೆಲ್ವ್ ಅಪಾಸಲ್ಸ್ ಎಂಬ ಸುಣ್ಣಕಲ್ಲಿನ ಕಂಬಗಳು ಸಮುದ್ರದೊಳಗೆ ನಿಂತಿರುವುದು ಅಲ್ಲೇ ಹತ್ತಿರ. ಹೋಗಲು ಎರಡು ದಾರಿ. ಗೀಲಾಂಗ್, ಕೊಲಾಕ್ ಮೇಲೆ ಒಳನಾಡಿನ ಹೆದ್ದಾರಿ ಹಿಡಿದರೆ ಸುಮಾರು 230 ಕಿ.ಮೀ., ಮೂರು ಗಂಟೆ. ಟಾರ್ಕೀಯಿಂದ ಗ್ರೇಟ್ ಓಷನ್ ರೋಡ್ ಅನ್ನುವ ಕರಾವಳಿ ರಸ್ತೆ ಹಿಡಿದರೆ ಒಟ್ಟು 285ರ ಹತ್ತಿರ. ಲೆಕ್ಕಕ್ಕೆ ಐದು ಗಂಟೆ, ನಿಂತು ನೋಡುತ್ತ ಹೋದರೆ ಇಡೀ ದಿನ. ನಮ್ಮ ಸಾಗರದ ಮೇಷ್ಟ್ರು ಒಳದಾರಿ ಪಕ್ಷ. 'ಊಟ ಬಿಟ್ಟು ಉಪ್ಪಿನಕಾಯಿಗೆ ಹೊಡೆದಾಡ್ತೀರಲ್ಲ, ನೋಡೋಕೆ ಹೊರಟಿರೋದು ಕಂಬ ಅಲ್ವಾ?' ಅಂದರು. ನಾನು ಕರಾವಳಿ ಪಕ್ಷ. ಹೇಗೂ ಎರಡು ಬಾಡಿಗೆ ಕಾರು ಇದ್ದವು. ನಾಲ್ಕು ನಾಲ್ಕು ಜನ ಹಂಚಿಕೊಂಡೆವು. ಮೂರನೇ ದಿನ ವಾಪಸ್ ಬರುವಾಗ ದಾರಿ ಅದಲು ಬದಲು ಅಂತ ಒಪ್ಪಂದವಾಯಿತು. ಹಾಗಾಗಿ ಎರಡರ ರುಚಿಯೂ ನನಗೆ ಗೊತ್ತು.

ಓಡಿಸುವುದರ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಅಲ್ಲೂ ಎಡಗಡೆಯೇ. ನಮ್ಮ ಲೈಸೆನ್ಸ್ ಕಾರ್ಡು ಇಂಗ್ಲಿಷಿನಲ್ಲೇ ಇರುವುದರಿಂದ ಪ್ರವಾಸಿಗಳಿಗೆ ಅದೇ ನಡೆಯುತ್ತದೆ. ಆದರೆ ಎಡಗಡೆಯ ಈ ನಿಯಮದಿಂದ ಕರಾವಳಿ ದಾರಿಗೆ ಒಂದು ದೊಡ್ಡ ಲಾಭವಿದೆ. ಮೆಲ್ಬರ್ನ್ ಕಡೆಯಿಂದ ಪಶ್ಚಿಮಕ್ಕೆ ಹೋಗುವಾಗ ಸಮುದ್ರ ಎಡಕ್ಕೆ, ನಮ್ಮ ಲೇನಿನ ಪಕ್ಕದಲ್ಲೇ. ನಿಲ್ಲಿಸುವ ಜಾಗ ಬಂದಲ್ಲೆಲ್ಲ ಸುಮ್ನೆ ಎಡಕ್ಕೆ ಸರಿದರಾಯಿತು. ವಾಪಸ್ ಬರುವಾಗ ಇದೇ ರಸ್ತೆ ಹಿಡಿದ ಮೇಷ್ಟ್ರ ಕಾರು ಗುಡ್ಡದ ಕಡೆಯ ಲೇನಿನಲ್ಲಿತ್ತು. ಪ್ರತಿ ಸಲ ನಿಲ್ಲಲು ಎದುರಿನ ವಾಹನ ಕಾದು ಬಲಕ್ಕೆ ದಾಟಬೇಕು. 'ಅರ್ಧ ಜಾಗದಲ್ಲಿ ಬೇಜಾರಾಗಿ ನಿಲ್ಲಲೇ ಇಲ್ಲ' ಅಂದರು. ಈ ರಸ್ತೆಯಲ್ಲಿ ಒಂದೇ ಸಲ ಹೋಗುವವರು ಹೋಗುವಾಗಲೇ ಹೋಗಬೇಕು, ಬರುವಾಗಲ್ಲ.

ಟಾರ್ಕೀ ದಾಟಿ ಸ್ವಲ್ಪ ಹೊತ್ತು ಏನೂ ಇಲ್ಲ. ಮನೆ, ಪೊದೆ, ಆಗಾಗ ಒಂದು ತುಂಡು ನೀಲಿ. ಈಸ್ಟರ್ನ್ ವ್ಯೂ ಅನ್ನುವಲ್ಲಿ ರಸ್ತೆಗೆ ಅಡ್ಡಲಾಗಿ ಮರದ ಕಮಾನು ಬರುತ್ತದೆ. ಮೊದಲ ಮಹಾಯುದ್ಧದಿಂದ ಮರಳಿದ ಸುಮಾರು 3,000 ಸೈನಿಕರು, ಸತ್ತ ಜೊತೆಗಾರರ ನೆನಪಿಗೆ ಕಡಿದ ರಸ್ತೆ ಇದು. 1919ರಲ್ಲಿ ಶುರು, 1932ರಲ್ಲಿ ಮುಗಿದಿದ್ದು. ಹೆಚ್ಚಿನದು ಪಿಕಾಸಿ, ಗುದ್ದಲಿ ಕೆಲಸ. ಕಮಾನು ದಾಟಿದ್ದೇ ಸರಿ, ಬಲಗಡೆ ಗುಡ್ಡ ಮೈಮೇಲೆ ಬಂತು, ಎಡಗಡೆ ನೀರು ಕಾಲ ಬುಡಕ್ಕೇ ಬಂತು. ಕಾರಿನೊಳಗೆ ಮಾತು ನಿಂತಿತು. ಆಗುಂಬೆಯ ತಿರುವಿನಲ್ಲಿ ಕೆಳಗೆ ಕಾಡು ಕಾಣುತ್ತದಲ್ಲ, ಅಲ್ಲಿ ಕಾಡಿನ ಬದಲು ಅಲೆ ಹೊಡೆಯುತ್ತಿದೆ ಅಂದುಕೊಳ್ಳಿ. ಲಾರ್ನ್ ದಾಟಿ ಅಪೋಲೊ ಬೇ ತನಕ ಹೀಗೇ.

ನಡುವೆ ಕೆನೆಟ್ ರಿವರ್ ಅನ್ನುವಲ್ಲಿ ಕೊವಾಲ ಹುಡುಕಿದೆವು. ಕತ್ತು ನೋಯುವ ತನಕ ಹುಡುಕಿದ ಮೇಲೆ ಸಿಕ್ಕಿದ್ದು ಒಂದು, ಅದೂ ಗಾಢ ನಿದ್ದೆಯಲ್ಲಿ. ಅದು ಕೂತಿದ್ದ ಮರ ನೋಡಿ ಭಾವನಿಗೆ ನಗು ಬಂತು. ನೀಲಗಿರಿ! ನಮ್ಮೂರ ಗುಡ್ಡಗಳಲ್ಲೆಲ್ಲ ನೆಟ್ಟಿರುವ ನೀಲಗಿರಿ, ಅಕೇಶಿಯಾ ಎರಡಕ್ಕೂ ತವರು ಇದೇ ದೇಶ. ಇಷ್ಟು ಖರ್ಚು ಮಾಡಿಕೊಂಡು ನೀಲಗಿರಿ ನೋಡಲು ಬಂದ ಹಾಗಾಯಿತು ಅಂತ ಇಡೀ ದಿನ ಹೇಳುತ್ತಿದ್ದ.

ನಕಾಶೆ ನೋಡಿ ಯಾರೂ ನಮಗೆ ಹೇಳದ ಒಂದು ಸಂಗತಿ ಇದೆ. ಅಪೋಲೊ ಬೇ ಆದ ಮೇಲೆ ರಸ್ತೆ ಸಮುದ್ರ ಬಿಟ್ಟು ಆಟ್ವೇ ಕಾಡಿಗೆ ನುಗ್ಗುತ್ತದೆ. ಸುಮಾರು ಒಂದು ಗಂಟೆ ಬರೀ ತಿರುವು. ವಿಕ್ಟೋರಿಯಾ ರಾಜ್ಯದಲ್ಲಿ ಜಾಸ್ತಿ ಮಳೆ ಬೀಳುವ ಜಾಗಗಳಲ್ಲಿ ಇದೂ ಒಂದು. ಮೇಟ್ಸ್ ರೆಸ್ಟ್ ಅನ್ನುವಲ್ಲಿ ಹಲಗೆ ಹಾಸಿದ ಸಣ್ಣ ಕಾಲುದಾರಿ ಇದೆ. ಆಳೆತ್ತರ ಮೀರಿದ ಜರಿಗಿಡ, ಪಾಚಿ, ತೊಟ್ಟಿಕ್ಕುವ ನೀರು. ನಾಲ್ವರೂ ಒಟ್ಟಿಗೆ ಬಗ್ಗಿ ಕಾಲು ನೋಡಿಕೊಂಡೆವು, ಇಂಬಳ ಹತ್ತಿದೆಯಾ ಅಂತ. ಅಭ್ಯಾಸ, ಏನು ಮಾಡುವುದು.

ಕರಾವಳಿ ದಾರಿ ಸೋತಿದ್ದೂ ಇಲ್ಲೇ. ಹಿಂದೆ ಕೂತಿದ್ದ ಗೆಳೆಯನಿಗೆ ಲೇವರ್ಸ್ ಹಿಲ್ ಮುಟ್ಟುವ ಮೊದಲೇ ವಾಂತಿ. ಎರಡು ಸಲ. ಘಾಟಿಯಲ್ಲಿ ನಿಂಬೆಹಣ್ಣು ಮೂಸುವುದು ನಮ್ಮ ಹಳೇ ಮದ್ದು. ಆದರೆ ಊರಿಂದ ತಾಜಾ ಹಣ್ಣು ಒಯ್ಯುವ ಹಾಗಿಲ್ಲ, ಅಲ್ಲಿನ ವಿಮಾನ ನಿಲ್ದಾಣದಲ್ಲೇ ತೆಗೆದಿಡುತ್ತಾರೆ. ಅಪೋಲೊ ಬೇ ಅಂಗಡಿಯಲ್ಲಿ ತಗೊಂಡಿದ್ದು ದಪ್ಪ ಸಿಪ್ಪೆಯ ಲೆಮನ್. ಮೂಸಿದರೆ ಪಾತ್ರೆ ತೊಳೆಯುವ ಸೋಪಿನ ನೆನಪಾಗುತ್ತದೆ ಅಂತ ಅವನು ಇನ್ನೂ ಮುಖ ಸಿಂಡರಿಸಿದ.

ಒಳದಾರಿಯನ್ನು ನಾನು ನೋಡಿದ್ದು ವಾಪಸ್ ಬರುವಾಗ. ಶಿವಮೊಗ್ಗ ಬಿಟ್ಟು ಹೊನ್ನಾಳಿ ಕಡೆ ಹೊರಟ ಹಾಗೆ. ನೆಲ ಚಪ್ಪಟೆ, ಆಕಾಶ ದೊಡ್ಡದು. ಎರಡೂ ಕಡೆ ಕಪ್ಪು ಬಿಳಿ ಹಸುಗಳು ಮೇಯುತ್ತಿರುತ್ತವೆ, ಇದು ಹಾಲಿನ ಸೀಮೆ. ಕ್ಯಾಂಪರ್‌ಡೌನ್ ಸುತ್ತ ಆರಿದ ಜ್ವಾಲಾಮುಖಿಗಳ ಗುಡ್ಡ, ಅವುಗಳ ಬಾಯಲ್ಲಿ ನಿಂತ ಕೆರೆಗಳಿವೆ. ಒಂದನ್ನು ನೋಡಿದೆವು, ಚೆನ್ನಾಗಿತ್ತು. ಕೊಲಾಕ್ ದಾಟಿದ ಮೇಲೆ ನೇರ ಹೆದ್ದಾರಿ, ನನ್ನನ್ನು ಬಿಟ್ಟು ಎಲ್ಲರೂ ಮಲಗಿದರು. ವಾಪಸ್ ಬರುವ ದಿನಕ್ಕೆ ಇದಕ್ಕಿಂತ ಒಳ್ಳೇ ರಸ್ತೆ ಬೇಡ.

ಆದರೆ ಮೊದಲ ದಿನ ಮೇಷ್ಟ್ರ ಕಾರಿಗೆ ಸಿಕ್ಕಿದ್ದನ್ನು ಕೇಳಿ. ಎಂಟಕ್ಕೆ ಬಿಟ್ಟವರು ಹನ್ನೊಂದೂವರೆಗೆ ಅಪಾಸಲ್ಸ್ ಮುಂದೆ ನಿಂತಿದ್ದರು. ಪ್ರವಾಸಿ ಬಸ್ಸುಗಳು ಕರಾವಳಿ ಸುತ್ತಿ ಬರುವುದರಿಂದ ಮಧ್ಯಾಹ್ನದ ಮೇಲೇ ಜಾಸ್ತಿ. ಇವರಿಗೆ ಜನವೇ ಇರಲಿಲ್ಲ. ಹೆಸರಿಗೆ ಹನ್ನೆರಡು, ಇದ್ದಿದ್ದು ಒಂಬತ್ತು ಕಂಬ, 2005ರಲ್ಲಿ ಅದರಲ್ಲೂ ಒಂದು ಕುಸಿಯಿತು ಅಂತ ಬೋರ್ಡು ಓದುವಷ್ಟು ಪುರಸೊತ್ತು. ರೂಮಿಗೆ ಹೋಗಿ ಕುಕ್ಕರಿನಲ್ಲಿ ಅನ್ನ ಮಾಡಿ, ತಿಳಿಸಾರು ಉಂಡು, ಒಂದು ನಿದ್ದೆ ಹೊಡೆದು, ಲಾಕ್ ಆರ್ಡ್ ಕೊರಕಲಿಗೆ ಹೋದರು. 1878ರಲ್ಲಿ ಅದೇ ಹೆಸರಿನ ಹಡಗು ಅಲ್ಲಿ ಒಡೆದು 54 ಜನರಲ್ಲಿ ಇಬ್ಬರೇ ಉಳಿದಿದ್ದು. ಲಂಡನ್ ಬ್ರಿಜ್ ಬಂಡೆಯನ್ನೂ ನೋಡಿದರು. 1990ರಲ್ಲಿ ಅದರ ಒಂದು ಕಮಾನು ಬಿದ್ದು, ಆಚೆ ಸಿಕ್ಕಿಕೊಂಡ ಇಬ್ಬರನ್ನು ಹೆಲಿಕಾಪ್ಟರಿನಲ್ಲಿ ಇಳಿಸಿದ್ದರಂತೆ. ಇಷ್ಟೆಲ್ಲ ಆಗುವಾಗ ನಾವು ಆಟ್ವೇ ಕಾಡಿನಲ್ಲಿ ಪ್ಲಾಸ್ಟಿಕ್ ಕವರ್ ಹುಡುಕುತ್ತಿದ್ದೆವು. ನಮ್ಮ ಊಟ ಬೀಚಿನ ಬೆಂಚಿನ ಮೇಲೆ ಅವಲಕ್ಕಿ, ಚಟ್ನಿಪುಡಿ. ಗಾಳಿಗೆ ಅರ್ಧ ಹಾರಿಹೋಯಿತು.

ಸಂಜೆ ಏಳೂವರೆಗೆ ನಾವು ಅಪಾಸಲ್ಸ್ ಮುಟ್ಟಿದೆವು. ಸೂರ್ಯ ಮುಳುಗಲು ಕಾಲು ಗಂಟೆ ಇತ್ತಷ್ಟೆ. ಕಂಬಗಳು ಕಾವಿ ಬಣ್ಣಕ್ಕೆ ತಿರುಗಿದ್ದವು. ಮೇಷ್ಟ್ರ ಕಾರಿನವರು ಎರಡನೇ ಸಲ ಬಂದು ಕಟಕಟೆ ಹಿಡಿದು ನಿಂತಿದ್ದರು. ಕತ್ತಲಾದ ಮೇಲೆ ಪುಟ್ಟ ಪೆಂಗ್ವಿನ್‌ಗಳು ಸಮುದ್ರದಿಂದ ದಡಕ್ಕೆ ಬರುತ್ತವೆ ಅಂದರು. ನಮ್ಮ ಗೆಳೆಯ ಮಾತ್ರ ಹಾಸಿಗೆ ಬಿಟ್ಟು ಬೇರೇನೂ ಬೇಡ ಅಂದ. ಕತ್ತಲಲ್ಲಿ ಕಾಂಗರೂ ಅಡ್ಡ ಬರುತ್ತವೆ, ನಿಧಾನ ಹೋಗಿ ಅಂತ ಕಾರು ಕೊಟ್ಟವರು ಬೇರೆ ಹೇಳಿದ್ದರು. ಕಾಡುಕೋಣಕ್ಕೆ ಹೆದರಿ ಓಡಿಸುವುದು ನಮಗೆ ಹೊಸತಲ್ಲ. ಪೆಂಗ್ವಿನ್ ಬಿಟ್ಟು ಹೊರಟೆವು.

ಹಾಗಿದ್ದೂ ಮತ್ತೆ ಹೋದರೆ ನಾನು ಕರಾವಳಿಯನ್ನೇ ಹಿಡಿಯುವುದು. ಆದರೆ ಮೊದಲ ದಿನ ಅಪೋಲೊ ಬೇಯಲ್ಲೇ ನಿಲ್ಲಿಸಿ ಅಲ್ಲೇ ಮಲಗುತ್ತೇನೆ. ಕಾಡಿನ ತಿರುವು ಮರುದಿನ ಬೆಳಿಗ್ಗೆ, ಹಗುರ ಹೊಟ್ಟೆಯಲ್ಲಿ. ಜೊತೆಯಲ್ಲಿ ವಯಸ್ಸಾದವರಿದ್ದರೆ, ಘಾಟಿ ಅಂದರೆ ಮುಖ ಬಿಳಿಚುವವರಿದ್ದರೆ, ಇಲ್ಲಾ ಕೈಯಲ್ಲಿ ಒಂದೇ ರಾತ್ರಿ ಇದ್ದರೆ ಸುಮ್ನೆ ಒಳದಾರಿ ಹಿಡಿಯಿರಿ. ಭಾವ ಇದಕ್ಕೆ ಒಪ್ಪಿದ. ವಾಂತಿ ಮಾಡಿದವನೂ ಒಪ್ಪಿದ. ಮೇಷ್ಟ್ರು ಮಾತ್ರ ಒಪ್ಪಿಲ್ಲ. ಎರಡನೇ ಸಂಜೆ ಎಲ್ಲರೂ ಒಟ್ಟಿಗೆ ಹೋಗಿ ಪೆಂಗ್ವಿನ್ ನೋಡಿದೆವು. ಅವರಿಗೆ ಅದು ಎರಡನೇ ಸಲ.