ಎಕ್ಸ್86ನಲ್ಲಿ ಪಾಸ್ ಆಯಿತೆಂದು ಕರ್ನಲ್ ಪ್ಯಾಚ್ ಒಪ್ಪಿಬಿಡಬೇಡಿ

ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಪ್ಯಾಚ್, ಅಂದರೆ ಕೋಡ್ ತಿದ್ದುಪಡಿ, ರಿವ್ಯೂ ಮಾಡುವವರೆಲ್ಲ ಒಮ್ಮೆಯಾದರೂ ಏಟು ತಿನ್ನುವುದು ಇಂಥದ್ದರಲ್ಲೇ. ಪ್ಯಾಚ್ ಇರುವುದು ಹತ್ತು ಹದಿನೈದು ಸಾಲು. ಪ್ರೊಸೆಸರಿನ ಒಂದು ಕೋರ್ ಬಫರಿಗೆ ಡೇಟಾ ತುಂಬಿ, ಆಮೇಲೆ ಫ್ಲ್ಯಾಗನ್ನು 1 ಮಾಡುತ್ತದೆ. ಇನ್ನೊಂದು ಕೋರ್ ಫ್ಲ್ಯಾಗ್ ನೋಡಿ ಡೇಟಾ ಓದುತ್ತದೆ. ಎಕ್ಸ್86ನಲ್ಲಿ (ಇಂಟೆಲ್, ಎಎಂಡಿ ಪ್ರೊಸೆಸರ್‌ಗಳ ಬಗೆ) ರಾತ್ರಿಯಿಡೀ ಸ್ಟ್ರೆಸ್ ಟೆಸ್ಟ್ ಓಡಿಸಿದರೂ ಚಕಾರ ಎತ್ತುವುದಿಲ್ಲ. ಮರ್ಜ್ ಆದಮೇಲೆ ಆರ್ಮ್64, ಪವರ್‌ಪಿಸಿಯಂಥ ಬೇರೆ ಬಗೆಯ ಪ್ರೊಸೆಸರ್‌ಗಳಲ್ಲಿ ಆಗೊಮ್ಮೆ ಈಗೊಮ್ಮೆ ಹಳೆಯ ಡೇಟಾ ಬರತೊಡಗುತ್ತದೆ. ಹುಡುಕಲೆಂದು ಪ್ರಿಂಟ್ ಸಾಲು ಸೇರಿಸಿದರೆ ಟೈಮಿಂಗ್ ಬದಲಾಗಿ ಬಗ್ ಮಾಯ.

ಎಕ್ಸ್86 ಒಂದು ಕೋರಿನ ಎರಡು ರೈಟ್‌ಗಳನ್ನು ಬೇರೆ ಕೋರಿಗೆ ಅದೇ ಕ್ರಮದಲ್ಲಿ ತೋರಿಸುತ್ತದೆ. ಆರ್ಮ್‌ಗೆ ಆ ಕಟ್ಟುಪಾಡಿಲ್ಲ, ಫ್ಲ್ಯಾಗ್ ಮೊದಲು ಕಾಣಬಹುದು, ಡೇಟಾ ಆಮೇಲೆ. ಬರೆಯುವ ಕಡೆ ಸ್ಟೋರ್-ರಿಲೀಸ್ (ಹಿಂದಿನ ರೈಟ್‌ಗಳೆಲ್ಲ ಕಂಡಮೇಲೇ ಕಾಣುವ ರೈಟ್), ಓದುವ ಕಡೆ ಲೋಡ್-ಅಕ್ವೈರ್ (ಮುಂದಿನ ರೀಡ್‌ಗಳು ತನಗಿಂತ ಮೊದಲು ನಡೆಯದಂತೆ ತಡೆಯುವ ರೀಡ್) ಬೇಕು, ಎರಡೂ ಬೇಕು. ಬರೆಯುವ ಕಡೆ ಮಾತ್ರ ಸರಿಮಾಡಿ ಕಳಿಸಿದ ಎರಡನೇ ಆವೃತ್ತಿಗೆ ಮೋಸಹೋಗಬೇಡಿ. ರೀಡ್-ಒನ್ಸ್, ರೈಟ್-ಒನ್ಸ್ ಹಾಕಿದರೆ ಸಾಕೆಂದು ವಾದಿಸುವವರೂ ಇದ್ದಾರೆ. ಅವು ಕಂಪೈಲರಿಗೆ ಕಡಿವಾಣ, ಪ್ರೊಸೆಸರಿಗಲ್ಲ. ಹೀಗೆ ಕ್ರಮ ಕಾಯುವ ಬ್ಯಾರಿಯರ್‌ನ ಜೋಡಿ ಎಲ್ಲಿದೆ ಎಂದು ಕಾಮೆಂಟಿನಲ್ಲಿ ಬರೆದಿರದಿದ್ದರೆ ಪ್ಯಾಚ್ ವಾಪಸ್ ಕಳಿಸಿ.

ಉಳಿದ ತಪ್ಪುಗಳಲ್ಲಿ ಕೆಲವು ಬೇರೆ ಪ್ರೊಸೆಸರ್‌ಗಳಿಗೆ ಬಿಲ್ಡ್ ಮಾಡುವಾಗಲೇ ಸಿಕ್ಕಿಬೀಳುತ್ತವೆ, ಮಾಡಿದರೆ ತಾನೇ! 32-ಬಿಟ್ ಆರ್ಮ್ ಕರ್ನಲ್‌ನಲ್ಲಿ 64-ಬಿಟ್ ಸಂಖ್ಯೆಯನ್ನು ನೇರವಾಗಿ ಭಾಗಿಸಿದರೆ ಲಿಂಕ್ ಎರರ್. ಕರ್ನಲ್‌ನದೇ ಭಾಗಾಕಾರದ ಫಂಕ್ಷನ್‌ಗಳನ್ನು ಬಳಸಬೇಕು. ಸಾಧನದಿಂದ ಬಂದ ಲಿಟಲ್-ಎಂಡಿಯನ್ (ಕಿರಿಯ ಬೈಟ್ ಮೊದಲು ಬರುವ) ಫೀಲ್ಡನ್ನು ಹಾಗೇ ಓದಿದರೆ, ಹಿರಿಯ ಬೈಟ್ ಮೊದಲಿಡುವ ಐಬಿಎಂ ಮೇನ್‌ಫ್ರೇಮ್ ಎಸ್390ನಲ್ಲಿ ಬೈಟ್‌ಗಳು ತಿರುಗುಮುರುಗು. ಟೈಪ್ ಸರಿಯಾಗಿ ಗುರುತಿಸಿದ್ದರೆ ಕೋಡ್ ತಪಾಸಣೆಯ ಸಾಧನ ಸ್ಪಾರ್ಸ್ ಇದನ್ನು ಹಿಡಿಯುತ್ತದೆ. ಮೆಮೊರಿ ಪೇಜ್ ಗಾತ್ರ 4096 ಬೈಟ್ ಎಂದು ಬರೆದಿಟ್ಟ ಕೋಡ್, ಆರ್ಮ್64ನ 16 ಅಥವಾ 64 ಕೆಬಿ ಪೇಜ್‌ನಲ್ಲಿ ಕೈಕೊಡುತ್ತದೆ.

ಕ್ಯಾರ್ (ಸಿ ಭಾಷೆಯ ಒಂದು ಬೈಟಿನ ಟೈಪ್) ವೇರಿಯಬಲ್‌ಗೆ -1 ಹಾಕಿ 'ಸೊನ್ನೆಗಿಂತ ಕಡಿಮೆಯೇ' ಎಂದು ಕೇಳುವ ಕೋಡ್ ಇನ್ನೊಂದು ಬಲೆ. ಆರ್ಮ್‌ನಲ್ಲಿ ಕ್ಯಾರ್‌ಗೆ ಋಣ ಚಿಹ್ನೆಯೇ ಇಲ್ಲ, ಆ ಷರತ್ತು ಎಂದೂ ನಿಜವಾಗದು. 6.2ನೇ ಆವೃತ್ತಿಯಿಂದ ಕರ್ನಲ್ ಎಲ್ಲ ಕಡೆ ಕ್ಯಾರ್‌ಗೆ ಋಣ ಚಿಹ್ನೆ ಇಲ್ಲದಂತೆಯೇ ಬಿಲ್ಡ್ ಆಗುತ್ತದೆ. ಆದರೆ 6.1, 5.15ರಂಥ ಹಳೆಯ ಶಾಖೆಗಳಿಗೆ ಪ್ಯಾಚ್ ಒಯ್ಯುವಾಗ ಎಕ್ಸ್86 ಮತ್ತು ಆರ್ಮ್ ನಡುವಿನ ವ್ಯತ್ಯಾಸ ಮತ್ತೆ ಎದುರಾಗುತ್ತದೆ.

ಐಆಕ್ಟಲ್ (ioctl, ಪ್ರೋಗ್ರಾಂ ಕರ್ನಲಿಗೆ ಕೊಡುವ ಸಾಧನದ ಆದೇಶ) ಸ್ಟ್ರಕ್ಟ್ ಬಂದರೆ ಪೆನ್ನು ಹಿಡಿದು ಬೈಟ್ ಎಣಿಸಿ. 32-ಬಿಟ್ ಫೀಲ್ಡ್, ಅದರ ನಂತರ 64-ಬಿಟ್ ಫೀಲ್ಡ್ ಇದ್ದರೆ 32-ಬಿಟ್ ಎಕ್ಸ್86ನಲ್ಲಿ 12 ಬೈಟ್, 64-ಬಿಟ್‌ನಲ್ಲಿ 16. ಗಾತ್ರ ಐಆಕ್ಟಲ್ ಸಂಖ್ಯೆಯೊಳಗೇ ಸೇರಿರುವುದರಿಂದ ಹಳೆಯ 32-ಬಿಟ್ ಪ್ರೋಗ್ರಾಂ ಕೊಡುವ ಸಂಖ್ಯೆ 64-ಬಿಟ್ ಕರ್ನಲಿಗೆ ಗುರುತೇ ಸಿಗುವುದಿಲ್ಲ. ನಡುವೆ 4 ಬೈಟ್ ಪ್ಯಾಡಿಂಗ್ (ಖಾಲಿ ಜಾಗ) ಕಣ್ಣಿಗೆ ಕಾಣುವಂತೆ ಬರೆಸಿ. ಬಿಡುಗಡೆಯಾದಮೇಲೆ ಇದನ್ನು ತಿದ್ದುವಂತಿಲ್ಲ.

ಆರ್ಮ್64, 32-ಬಿಟ್ ಆರ್ಮ್, ಎಸ್390 ಮೂರಕ್ಕೂ ಆಲ್‌ಮಾಡ್‌ಕಾನ್ಫಿಗ್ (ಸಾಧ್ಯವಾದಷ್ಟೂ ಭಾಗಗಳನ್ನು ಮಾಡ್ಯೂಲ್ ಆಗಿ ಸೇರಿಸುವ) ಬಿಲ್ಡ್ ಆಗದೆ ಒಪ್ಪಿಗೆ ಕೊಡಬೇಡಿ. ಎಕ್ಸ್86 ಯಂತ್ರದ ಮೇಲೆ ಬೇರೆ ಪ್ರೊಸೆಸರನ್ನು ಅನುಕರಿಸುವ ಕ್ಯೂಎಮು ಓಡಿಸಿದರೆ ಎಂಡಿಯನ್ ತಪ್ಪು ಸಿಗುತ್ತದೆ, ಆರ್ಡರಿಂಗ್ ತಪ್ಪು ಅಲ್ಲೂ ಅಡಗಿಕೊಳ್ಳುತ್ತದೆ, ಕೆಳಗಿರುವ ಯಂತ್ರ ಅದೇ ಎಕ್ಸ್86 ತಾನೇ. ಕೋರ್‌ಗಳು ಒಂದೇ ಡೇಟಾಗೆ ಪೈಪೋಟಿ ಬೀಳುವುದನ್ನು ಹುಡುಕುವ ಕರ್ನಲ್ ಸಾಧನ ಕೆಸಿಸ್ಯಾನ್ ಬರೆಯುವ ಕಡೆಯ ಕೆಲವು ಬ್ಯಾರಿಯರ್ ತಪ್ಪುಗಳನ್ನು ಹಿಡಿಯುತ್ತದೆ. ಓದುವ ಕಡೆ ಅಕ್ವೈರ್ ಬಿಟ್ಟುಹೋದದ್ದು ಅದಕ್ಕೂ ಕಾಣದು. ಆ ಸಾಲನ್ನು ಕಣ್ಣಿಟ್ಟು ಓದಿಯೇ ಹಿಡಿಯಬೇಕು.