ಹಂಪಿಗೆ ಹೊತ್ತುಕೊಂಡು ಹೋದ ಒಂದೇ ಡಬ್ಬಿ: ಎಚ್‌ಪಿ5 ಹಾಳೆ ಫಿಲ್ಮ್

ಅಣ್ಣನ ಮಗ ಟ್ರೈಪಾಡ್ ಹೆಗಲಿಗೇರಿಸಿಕೊಂಡು ಕೇಳಿದ: "ಅತ್ತೆ, ಇಷ್ಟೆಲ್ಲ ಸಾಮಾನು ಹೊತ್ತು ಎಷ್ಟು ಫೋಟೊ ತೆಗೀತೀರಾ?" ಇಪ್ಪತ್ನಾಲ್ಕು ಅಂದೆ. ಅವನು ನಗಲೂ ಇಲ್ಲ, ಸುಮ್ನೆ ನನ್ನ ಮುಖ ನೋಡಿದ.

ನನ್ನದು 4x5 ಇಂಚಿನ ಮಡಚುವ ಮರದ ಕ್ಯಾಮೆರಾ. ರೋಲ್ ಇಲ್ಲ, ಪ್ರತಿ ಫೋಟೊಗೂ ಒಂದು ಹಾಳೆ. ಮಲ್ಲೇಶ್ವರದಿಂದ ಇದನ್ನು ಹೊತ್ತು ಹಂಪಿಗೆ ಹೋಗಿದ್ದು ಇದು ಮೂರನೇ ಸಲ. ಹಿಂದಿನ ಎರಡು ಸಲವೂ ಬಗೆಬಗೆ ಫಿಲ್ಮ್ ತುಂಬಿಕೊಂಡು ಹೋಗಿ, ಯಾವ ಹೋಲ್ಡರ್‌ನಲ್ಲಿ (ಹಾಳೆ ಕೂರಿಸಿ ಕ್ಯಾಮೆರಾಗೆ ಸಿಕ್ಕಿಸುವ ಚಪ್ಪಟೆ ಚೌಕಟ್ಟು) ಯಾವುದಿದೆ ಅಂತ ತಲೆ ಕೆಡಿಸಿಕೊಂಡಿದ್ದೆ. ಈ ಸಲ ಒಂದೇ: ಇಲ್ಫರ್ಡ್ ಎಚ್‌ಪಿ5 ಪ್ಲಸ್. ಕಪ್ಪು ಬಿಳುಪು, ಸ್ಪೀಡ್ ಅಂದರೆ ಬೆಳಕು ಹಿಡಿಯುವ ಶಕ್ತಿ ಐಎಸ್‌ಒ 400, ಡಬ್ಬಿಗೆ 25 ಹಾಳೆ.

ದೊಡ್ಡ ಕ್ಯಾಮೆರಾಗೆ 100 ಸ್ಪೀಡಿನ ನುಣುಪಾದ ಫಿಲ್ಮೇ ಸರಿ ಅಂತ ಬಹಳ ಜನ ಹೇಳ್ತಾರೆ. ಸ್ಟುಡಿಯೊದಲ್ಲಿ ಕೂತು ತೆಗೆಯುವವರಿಗೆ ಸರಿ. ಬೆಳಗಿನ ಜಾವ ಮಾತಂಗ ಬೆಟ್ಟದ ತುದಿಯಲ್ಲಿ ನಿಂತವರಿಗೆ ಅಲ್ಲ. ಹತ್ತಿರದ ಬಂಡೆಯೂ ಕೆಳಗಿನ ಅಚ್ಯುತರಾಯ ಗುಡಿಯೂ ಎರಡೂ ಚೂಪಾಗಿ ಬರಬೇಕಂದರೆ ಲೆನ್ಸಿನ ಕಿಂಡಿಯನ್ನು ಎಫ್ 32ರಷ್ಟು ಕಿರಿದು ಮಾಡಲೇಬೇಕು. ಅವತ್ತು ಬೆಳಕು ಅಳೆಯುವ ಮೀಟರ್ ತೋರಿಸಿದ್ದು ಸೆಕೆಂಡಿನ ಎಂಟನೇ ಒಂದು ಭಾಗ. 100ರ ಫಿಲ್ಮ್ ಇದ್ದಿದ್ದರೆ ಅರ್ಧ ಸೆಕೆಂಡ್. ಬೆಟ್ಟದ ಮೇಲೆ ಗಾಳಿ, ಕ್ಯಾಮೆರಾದ ಮಡಿಕೆ ಮಡಿಕೆಯ ಬೆಲ್ಲೋಸ್ ದೋಣಿಯ ಹಾಯಿಯ ಹಾಗೆ ಉಬ್ಬುತ್ತಿತ್ತು. ಅಣ್ಣನ ಮಗ ಕೊಡೆ ಹಿಡಿದು ಅಡ್ಡ ನಿಂತ. ಎರಡು ಗಾಳಿಯ ನಡುವೆ ಸಿಕ್ಕ ಬಿಡುವಿನಲ್ಲಿ ಶಟರ್ ಒತ್ತಿದೆ. ಅರ್ಧ ಸೆಕೆಂಡಿನ ಬಿಡುವು ಅವತ್ತು ಸಿಗುತ್ತಿರಲಿಲ್ಲ.

ಕಾಳು ಕಾಳಾಗಿ ಬರಲ್ವಾ ಅಂದರೆ, ಈ ಹಾಳೆ 35 ಎಂಎಂ ಫ್ರೇಮಿನ ಹತ್ತು ಪಟ್ಟಿಗಿಂತ ದೊಡ್ಡದು. ಗೋಡೆಗೆ ಹಾಕುವಷ್ಟು ದೊಡ್ಡ ಪ್ರಿಂಟ್ ಮಾಡಿಸಿದರೂ ಕಾಳು ಹುಡುಕಬೇಕು. (1856ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಇದೇ ಹಂಪಿಯನ್ನು ಮೇಣ ಸವರಿದ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ತೆಗೆದಿದ್ದ. ಅವುಗಳ ಮುಂದೆ ನನ್ನ ಹಾಳೆ ಅಂಚೆಚೀಟಿ.)

ಹೋದ ಸಲ ಜೊತೆಗಿದ್ದದ್ದು ಜೆಕ್ ದೇಶದ ಫೋಮಾಪಾನ್ 100. ಅಗ್ಗ, ಮನೆಯ ಹತ್ತಿರ ಕೈ ಪಳಗಿಸಿಕೊಳ್ಳಲು ಒಳ್ಳೆಯದು. ಆದರೆ ಕತ್ತಲಾಗುತ್ತಿದ್ದ ಹಾಗೆ ಕೈಕೊಡುತ್ತೆ. ಮೀಟರ್ ಹತ್ತು ಸೆಕೆಂಡ್ ಅಂದರೆ ಅದಕ್ಕೆ ಎಂಬತ್ತು ಸೆಕೆಂಡ್ ಕೊಡಬೇಕು. ಎಚ್‌ಪಿ5ಗೆ ಇಪ್ಪತ್ತು ಸಾಕು. ತುಂಗಭದ್ರೆಯ ದಡದಲ್ಲಿ ಸೊಳ್ಳೆ ಕಡಿಸಿಕೊಂಡು ನಿಂತವರಿಗೆ ಆ ಒಂದು ನಿಮಿಷದ ಬೆಲೆ ಗೊತ್ತು.

ನನ್ನ ಹತ್ತಿರ ಆರು ಹೋಲ್ಡರ್, ಒಂದೊಂದಕ್ಕೆ ಎರಡು ಹಾಳೆ. ಹನ್ನೆರಡು ಮುಗಿದರೆ ರಾತ್ರಿ ಹೊಸಪೇಟೆಯ ಲಾಡ್ಜಿನಲ್ಲಿ ಮತ್ತೆ ತುಂಬಬೇಕು. ಫ್ಯಾನ್ ಆರಿಸಿ, ಇಲ್ಲದಿದ್ದರೆ ಧೂಳು, ಮಂಚದ ಮೇಲೆ ಬೆಳಕು ತೂರದ ಕಪ್ಪು ಚೀಲ ಹಾಸಿ ಎರಡೂ ಕೈ ಒಳಗೆ ತೂರಿಸಿದೆ. ಐದೇ ನಿಮಿಷಕ್ಕೆ ಅಂಗೈ ಬೆವೆತಿತು. ಹಾಳೆಯ ಅಂಚಿನಲ್ಲಿ ಸಣ್ಣ ಕಚ್ಚುಗಳಿರುತ್ತವೆ. ಹಾಳೆ ಉದ್ದುದ್ದ ಹಿಡಿದಾಗ ಅವು ಬಲಗಡೆ ಮೇಲಿನ ಮೂಲೆಗೆ ಬಂದರೆ ಎಮಲ್ಷನ್, ಅಂದರೆ ಚಿತ್ರ ಮೂಡುವ ಲೇಪ, ನಮ್ಮ ಕಡೆ. ಬೆರಳಿನ ತುದಿಯಲ್ಲೇ ಅದನ್ನು ಓದಬೇಕು. ಫಿಲ್ಮ್ ಬದಲಾದರೆ ಕಚ್ಚಿನ ಆಕಾರವೂ ಬದಲು. ಒಂದೇ ಫಿಲ್ಮ್ ಇದ್ದಾಗ ಬೆರಳಿಗೆ ಒಂದೇ ಪಾಠ. ಇದರ ಹಾಳೆ ಗಟ್ಟಿ ಪಾಲಿಯೆಸ್ಟರ್, ಬೆವರು ಕೈಯಲ್ಲೂ ಬಾಗದೆ ಹೋಲ್ಡರಿನ ಅಂಚಿನೊಳಗೆ ಜಾರಿ ಕೂರುತ್ತೆ. ಒಂದು ಖಾಲಿ ಡಬ್ಬಿ ಮಾತ್ರ ಮರೆಯದೆ ಒಯ್ಯಿರಿ, ತೆಗೆದಾದ ಹಾಳೆಗಳಿಗೆ.

ಇಷ್ಟಾದರೂ ಒಂದು ಹಾಳೆ ಹಾಳಾಯಿತು. ಹೋಲ್ಡರಿನಲ್ಲಿ ಹಾಳೆಗೆ ಬೆಳಕು ತಾಗದಂತೆ ಮುಚ್ಚುವ ಡಾರ್ಕ್ ಸ್ಲೈಡಿನ ಬಿಳಿ ಬದಿ ಹೊರಗಿದ್ದರೆ ಹೊಸ ಹಾಳೆ, ಕಪ್ಪು ಬದಿ ಇದ್ದರೆ ತೆಗೆದದ್ದು. ಮಾತಾಡ್ತಾ ತಿರುಗಿಸಿ ಹಾಕುವುದನ್ನು ಮರೆತೆ, ಅದೇ ಹಾಳೆಯ ಮೇಲೆ ಇನ್ನೊಂದು ಫೋಟೊ ತೆಗೆದೆ. ಈಗ ಹೇಮಕೂಟದ ಮಂಟಪದ ಮೇಲೆ ಒಂದು ಬಾಳೆ ತೋಟ ಬೆಳೆದಿದೆ. ತಪ್ಪು ಫಿಲ್ಮಿನದಲ್ಲ.

ಇನ್ನು ಎಕ್ಸ್‌ರೇ ಭಯ. ಹೋಗುವಾಗ ಒಂದು ತಪಾಸಣೆಯಲ್ಲಿ ಕೈಯಲ್ಲೇ ನೋಡಿ ಅಂತ ಕೇಳಿಕೊಂಡೆ. "ಸರಿ, ಡಬ್ಬಿ ತೆಗೀರಿ ಮೇಡಂ" ಅಂದರು. ತೆಗೆದರೆ ಬೆಳಕು ಬಿದ್ದು ಮುಗೀತಲ್ವಾ! ಬೇಡ ಬೇಡ ಅಂತ ನಾನೇ ಮಷಿನ್ನಿಗೆ ಹಾಕಿದೆ. 400ರ ಫಿಲ್ಮ್‌ಗೆ ಸಾಮಾನ್ಯ ಎಕ್ಸ್‌ರೇ ಒಂದೆರಡು ಸಲ ಏನೂ ಮಾಡಲ್ಲ, ನನ್ನದಕ್ಕೂ ಏನೂ ಆಗಲಿಲ್ಲ. ವಿಮಾನದಲ್ಲಿ ಹೋಗುವವರು ಲಗೇಜಿಗೆ ಮಾತ್ರ ಹಾಕಬೇಡಿ. ಹೊಸ ಸಿಟಿ ಸ್ಕ್ಯಾನರ್ ಇರುವ ಕಡೆ ಕೈಚೀಲದಲ್ಲಿಟ್ಟರೂ ಅಪಾಯವೇ.

ಬೇಸರ ಇಲ್ಲ ಅಂತಲ್ಲ. ಮೋಡ ಕವಿದ ದಿನ ಇದರ ಚಿತ್ರ ಸಪ್ಪೆ, ಬಂಡೆ ಆಕಾಶ ಎಲ್ಲ ಒಂದೇ ಬೂದಿ. ಪ್ರಿಂಟಿನಲ್ಲಿ ಕಾಂಟ್ರಾಸ್ಟ್ ಏರಿಸಿದರೆ ಮಾತ್ರ ಮುಖಕ್ಕೆ ಕಳೆ. ಅದೇ ಹಂಪಿಯ ಉರಿ ಬಿಸಿಲಿಗೆ ಈ ಸಪ್ಪೆತನವೇ ವರ. ಬೆಲೆಯಂತೂ ಕೇಳಬೇಡಿ, ಒಂದು ಹಾಳೆಯ ದುಡ್ಡಲ್ಲಿ ಮಲ್ಲೇಶ್ವರದಲ್ಲಿ ಮಸಾಲೆ ದೋಸೆ ತಿಂದು ಕಾಫಿನೂ ಕುಡಿಯಬಹುದು. ಕೊಳ್ಳುವಾಗ ಡಬ್ಬಿಯ ಮೇಲಿನ ತಾರೀಖು ನೋಡಿ. ಒಂದು ಅಂಗಡಿಯಲ್ಲಿ ನನಗೆ ಅವಧಿ ಮುಗಿದದ್ದನ್ನು ಪೂರ್ತಿ ಬೆಲೆಗೇ ದಾಟಿಸಿದ್ದರು.

ಮನೆಗೆ ಬಂದು ಐಡಿ-11 ಡೆವಲಪರ್‌ಗೆ ಒಂದಕ್ಕೊಂದು ನೀರು ಬೆರೆಸಿ, 20 ಡಿಗ್ರಿಯಲ್ಲಿ 13 ನಿಮಿಷ ಹಾಳೆಗಳನ್ನು ಡೆವಲಪ್ ಮಾಡಿದೆ. ನಲ್ಲಿ ನೀರು ಅಷ್ಟು ತಣ್ಣಗಿರಲ್ಲ, ಐಸ್ ತಟ್ಟೆ ಖಾಲಿ. ಕೊನೆಯ ಜಾಲಾಟಕ್ಕೆ ಬೋರ್ ನೀರು ಬೇಡ, ಬಿಳಿ ಕಲೆ ಕೂರುತ್ತೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತಂದುಕೊಳ್ಳಿ.

ಎರಡು ಸಲ ಹನ್ನೆರಡು ತುಂಬಿದ ಮೇಲೆ ಡಬ್ಬಿಯಲ್ಲಿ ಒಂದು ಹಾಳೆ ಉಳಿದಿತ್ತು. ಅಮ್ಮನನ್ನು ತುಳಸಿ ಕಟ್ಟೆ ಹತ್ತಿರ ಕೂರಿಸಿದೆ. ಫೋಕಸ್ ಮಾಡಿ, ಕಪ್ಪು ಬಟ್ಟೆಯಿಂದ ತಲೆ ಹೊರಗೆ ತೆಗೆಯುವಷ್ಟರಲ್ಲಿ ಅಮ್ಮ ಎದ್ದು ಒಳಗೆ ಹೋಗಿದ್ದರು, ಹಾಲು ಉಕ್ಕುತ್ತೆ ಅಂತ.