ಫಿಟ್ಸ್ ಮಾತ್ರೆ, ಬಸಿರು: ಯಾವುದು ಎಷ್ಟು ಸುರಕ್ಷಿತ?

ಔಷಧಿ ಬದಲಿಸುವುದಿದ್ದರೆ ಬಸಿರಾಗುವ ಮೊದಲೇ ಬದಲಿಸಬೇಕು. ಗರ್ಭ ಕಟ್ಟಿದ ಸುಮಾರು 28ನೇ ದಿನಕ್ಕೆ ಮಗುವಿನ ನರನಾಳ (ಮುಂದೆ ಮಿದುಳು, ಬೆನ್ನುಹುರಿ ಆಗುವ ಭಾಗ) ಮುಚ್ಚಿಕೊಳ್ಳುತ್ತದೆ. ಮುಟ್ಟು ನಿಂತು ಆಗ ಎರಡು ವಾರ ಆಗಿರುತ್ತದೆ, ಅಷ್ಟೆ. ಹಾಗೆಂದು ಗಾಬರಿಯಾಗಿ ಮಾತ್ರೆ ಬಿಟ್ಟವರಿಗೆ ಫಿಟ್ಸ್ ಮರುಕಳಿಸಿ ತಾಯಿ, ಮಗು ಇಬ್ಬರ ಜೀವಕ್ಕೂ ಕುತ್ತು.

ವ್ಯಾಲ್ಪ್ರೊಯೇಟ್ ಎಲ್ಲಕ್ಕಿಂತ ಕೆಟ್ಟ ಆಯ್ಕೆ. ಫಿಟ್ಸ್ ಮಾತ್ರೆ ತೆಗೆದುಕೊಳ್ಳುವ ಬಸುರಿಯರ ಮಾಹಿತಿ ಕಲೆಹಾಕುವ ಅಂತರರಾಷ್ಟ್ರೀಯ ‘ಯುರಾಪ್’ ನೋಂದಣಿಯ 2018ರ ವರದಿಯಲ್ಲಿ ಇದನ್ನು ತೆಗೆದುಕೊಂಡವರ ಮಕ್ಕಳಲ್ಲಿ ದೊಡ್ಡ ಅಂಗದೋಷ ಶೇ. 10.3, ದಿನಕ್ಕೆ 1450 ಮಿ.ಗ್ರಾಂ. ದಾಟಿದರೆ ಶೇ. 25ರ ಆಸುಪಾಸು. ಬೆನ್ನುಹುರಿ ತೆರೆದಿರುವುದು, ಹೃದಯದ ದೋಷ, ಸೀಳು ಅಂಗುಳವನ್ನು 18–20 ವಾರದ ಸ್ಕ್ಯಾನಿನಲ್ಲಿ ಹುಡುಕಬಹುದು. ಮಗುವಿನ ಬುದ್ಧಿಗೆ, ಮಾತಿಗೆ ಆಗುವ ಪೆಟ್ಟು ಯಾವ ಸ್ಕ್ಯಾನಿನಲ್ಲೂ ಕಾಣದು. ಫೋಲಿಕ್ ಆಮ್ಲ ಬೇಕೇ ಬೇಕು, ಆದರೆ ಅದನ್ನು ನುಂಗಿದರೆ ಈ ಅಪಾಯ ಕಳೆಯಿತು ಎಂದು ನಂಬಬೇಡಿ.

ಕಾರ್ಬಮಾಜಪೀನ್ ಅಗ್ಗ, ದೋಷದ ಪ್ರಮಾಣ ಶೇ. 5.5. ನಡುವಿನ ದಾರಿ.

ನಿಜವಾದ ಪೈಪೋಟಿ ಇರುವುದು ಲ್ಯಾಮೊಟ್ರಿಜಿನ್ (ಶೇ. 2.9) ಮತ್ತು ಲೆವೆಟಿರಸಿಟಮ್ (ಶೇ. 2.8) ನಡುವೆ. ಔಷಧಿಯನ್ನೇ ಮುಟ್ಟದ ತಾಯಂದಿರ ಮಕ್ಕಳಲ್ಲೂ ಶೇ. 2–3 ದೋಷ ಇದ್ದೇ ಇರುವುದರಿಂದ ಅಂಕಿಯಲ್ಲಿ ಗೆದ್ದವರಿಲ್ಲ. ವ್ಯತ್ಯಾಸ ಬಳಕೆಯಲ್ಲಿ. ಲ್ಯಾಮೊಟ್ರಿಜಿನ್ ಅನ್ನು ವಾರಗಟ್ಟಲೆ ನಿಧಾನವಾಗಿ ಏರಿಸಬೇಕು. ಅವಸರ ಮಾಡಿದರೆ ಮೈಮೇಲೆ ಅಪಾಯಕಾರಿ ದದ್ದು ಏಳಬಹುದು. ವ್ಯಾಲ್ಪ್ರೊಯೇಟ್ ಜೊತೆಗಿದ್ದರೆ ಅದು ಲ್ಯಾಮೊಟ್ರಿಜಿನ್ ಹೊರಹೋಗದಂತೆ ತಡೆಯುವುದರಿಂದ ದಿನ ಬಿಟ್ಟು ದಿನ 25 ಮಿ.ಗ್ರಾಂ.ನಿಂದಲೇ ಶುರು. ಲೆವೆಟಿರಸಿಟಮ್‌ಗೆ ಈ ತಾಪತ್ರಯವಿಲ್ಲ, ಬೇಗ ಕೆಲಸಕ್ಕೆ ಬರುತ್ತದೆ. ಆದರೆ ಕೆಲವರಿಗೆ ವಿಪರೀತ ಸಿಡುಕು, ಮಂಕು. ಮೊದಲೇ ಖಿನ್ನತೆ ಇರುವವರಿಗೆ ಲ್ಯಾಮೊಟ್ರಿಜಿನ್, ಕಾಯಲು ಸಮಯವಿಲ್ಲದವರಿಗೆ ಲೆವೆಟಿರಸಿಟಮ್ ಎಂಬುದು ನಮ್ಮ ತೀರ್ಪು.

ಬಸಿರಿನಲ್ಲಿ ಎರಡರ ಮಟ್ಟವೂ ರಕ್ತದಲ್ಲಿ ಇಳಿಯುತ್ತದೆ, ಲ್ಯಾಮೊಟ್ರಿಜಿನ್ ಅರ್ಧಕ್ಕಿಂತ ಕೆಳಗೂ ಹೋಗಬಹುದು. ಅದಕ್ಕೇ ಬಸಿರಿಗೆ ಮೊದಲು ಒಮ್ಮೆ ಮಟ್ಟ ಅಳೆಸಿ, ಆಮೇಲೆ ತಿಂಗಳಿಗೊಮ್ಮೆ ಹೋಲಿಸಿ ವೈದ್ಯರು ಡೋಸ್ ಏರಿಸುತ್ತಾರೆ. ಹೆರಿಗೆಯ ನಂತರ ಇದೇ ಲೆಕ್ಕ ತಿರುಗುಮುರುಗು: ಎರಡು–ಮೂರು ವಾರದಲ್ಲಿ ಡೋಸ್ ಇಳಿಸದಿದ್ದರೆ ಬಾಣಂತಿಗೆ ತಲೆಸುತ್ತು, ಒಂದು ಎರಡಾಗಿ ಕಾಣುವುದು. ಬಾಣಂತನದ ನಿಶ್ಶಕ್ತಿ ಎಂದು ಮನೆಯವರು ಸುಮ್ಮನಾಗುವುದು ಇಲ್ಲೇ.